ಬಾಗಿಲ ಹೊರಗಿನ ಬುತ್ತಿ

ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಹ್ಯಾಂಪ್‌ಷೈರ್ ರಾಜ್ಯದಲ್ಲಿ ಪೀಟರ್‌ಬರೊ ಎಂಬ ಚಿಕ್ಕ ಊರಿದೆ. ಊರಾಚೆಯ ಕಾಡಿನಲ್ಲಿ ಮೂವತ್ತರಷ್ಟು ಒಂಟಿ ಕುಟೀರಗಳು ದೂರದೂರಕ್ಕೆ ಚದುರಿಕೊಂಡಿವೆ. ಕಥೆ ಕವಿತೆ ಬರೆಯುವವರು, ಸಂಗೀತ ರಚಿಸುವವರು, ಚಿತ್ರ ಬಿಡಿಸುವವರು ಅಲ್ಲಿಗೆ ಬಂದು ಕೆಲವು ವಾರ ಇದ್ದು, ಕೈಯಲ್ಲಿದ್ದ ಕೆಲಸ ಮಾಡಿಕೊಂಡು ಹೋಗುತ್ತಾರೆ. ಈ ಏರ್ಪಾಡಿಗೆ ಮ್ಯಾಕ್‌ಡೊವೆಲ್ ಎಂದು ಹೆಸರು. 1907ರಿಂದ ನಡೆದುಬಂದಿದೆ. ಅಲ್ಲಿನ ಒಂದು ಪದ್ಧತಿ ನನ್ನನ್ನು ಯೋಚನೆಗೆ ಹಚ್ಚಿದೆ. ಪ್ರತಿ ಕುಟೀರದಲ್ಲೂ ಮರದ ಹಲಗೆಗಳಿವೆ. ಅಲ್ಲಿ ಇದ್ದವರು ಹೊರಡುವ ಮುಂಚೆ ಹಲಗೆಯ ಮೇಲೆ ತಮ್ಮ ಹೆಸರು ಬರೆದು, ತಾರೀಖು ಹಾಕಿ ಹೋಗುತ್ತಾರೆ. ಒಂದು ಹಲಗೆ ತುಂಬಿದರೆ ಅದರ ಪಕ್ಕಕ್ಕೆ ಇನ್ನೊಂದು ಬರುತ್ತದೆ. ಈ ಹಲಗೆಗಳನ್ನು ಅಲ್ಲಿಯವರು ಕರೆಯುವುದು 'ಗೋರಿಕಲ್ಲು' ಎಂದು.

ತಮಾಷೆಗೆ ಇಟ್ಟ ಹೆಸರೇ ಇರಬೇಕು. ಆದರೆ ತಮಾಷೆಯಲ್ಲೂ ಒಂದು ನಿಜ ನುಸುಳಿಕೊಂಡಿರುತ್ತದೆ. ಸಹಿ ಹಾಕಿ ಹೋಗುವವರು ಬದುಕಿಯೇ ಹೋಗುತ್ತಾರೆ, ಬಗಲಲ್ಲಿ ಹೊಸ ಹಸ್ತಪ್ರತಿಯನ್ನೂ ಇಟ್ಟುಕೊಂಡು ಹೋಗುತ್ತಾರೆ. ಹಾಗಾದರೆ ಆ ಹಲಗೆಯಡಿ ಸತ್ತು ಮಲಗಿದ್ದು ಯಾರು? ಆ ಕೆಲವು ವಾರ ಬೇರೆ ಯಾವ ಕೆಲಸವೂ ಇಲ್ಲದೆ ಬರಿ ಲೇಖಕಿಯಾಗಿದ್ದವಳು ಎಂದು ನನ್ನ ಉತ್ತರ. ಮರುದಿನ ವಿಮಾನ ಇಳಿಯುವವಳು ಹೆಂಡತಿ, ತಾಯಿ, ಸೊಸೆ, ಟೀಚರು, ಗುಮಾಸ್ತೆ. ಇಷ್ಟೆಲ್ಲ ಆದ ಮೇಲೆ ಸಮಯ ಉಳಿದರೆ ಲೇಖಕಿ. ವಿದೇಶದ ಇಂಥ ಬಿಡಾರಗಳ ಕೊನೆಯ ದಿನದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಎಲೆ ಉದುರುವ ಮರ, ಕಿಟಕಿಗೆ ಬಂದ ಜಿಂಕೆ, ಬೇರೆ ಬೇರೆ ದೇಶದ ಗೆಳೆಯರ ಕಣ್ಣೀರಿನ ಬೀಳ್ಕೊಡುಗೆ ಎಂದು ಬರೆದು ಮುಗಿಸುತ್ತಾರೆ. ಓದಲು ಚೆನ್ನಾಗಿಯೇ ಇರುತ್ತದೆ. ಆದರೆ ಆ ದಿನ ಕೇಳಲೇಬೇಕಾದ ಪ್ರಶ್ನೆ ಅದರಲ್ಲಿ ಇರುವುದಿಲ್ಲ. ಇಷ್ಟು ದಿನ ನನಗೆ ಸಿಕ್ಕಿದ್ದು ಏನು? ಅದನ್ನು ಕೊಟ್ಟವರು ಯಾರು? ಮನೆಗೆ ಹೋದ ಮೇಲೆ ಅದರಲ್ಲಿ ಎಷ್ಟು ಉಳಿಯುತ್ತದೆ?

ಸಿಕ್ಕಿದ್ದು ಏನು ಎಂಬುದಕ್ಕೆ ಏಕಾಂತ, ನಿಸರ್ಗ, ಮೌನ ಎಂದೆಲ್ಲ ಉತ್ತರ ಬರುತ್ತದೆ. ಮ್ಯಾಕ್‌ಡೊವೆಲ್‌ಗೆ ಹೋಗಿಬಂದವರು ಮಾತ್ರ ತಪ್ಪದೆ ನೆನೆಯುವುದು ಒಂದು ಬುಟ್ಟಿಯನ್ನು. ಮಧ್ಯಾಹ್ನದ ಊಟವನ್ನು ಬುಟ್ಟಿಯಲ್ಲಿಟ್ಟು ಕುಟೀರದ ಬಾಗಿಲ ಹೊರಗೆ ಇಟ್ಟು ಹೋಗುತ್ತಾರೆ. ತಂದವರು ಬಾಗಿಲು ತಟ್ಟುವುದಿಲ್ಲ, ಕರೆಯುವುದಿಲ್ಲ. ಒಳಗಿರುವವರು ಕರೆಯದೆ ಬೇರೆ ಯಾರೂ ಆ ಕುಟೀರದ ಹತ್ತಿರ ಸುಳಿಯಬಾರದು ಎಂಬುದೂ ಅಲ್ಲಿನ ಹಳೆಯ ನಿಯಮ. ಸಂಜೆ ಎಲ್ಲರೂ ಒಂದೆಡೆ ಸೇರಿ ಊಟ ಮಾಡುತ್ತಾರೆ. ಇಷ್ಟೇ ಏರ್ಪಾಡು. ಕಾಡು ನಮ್ಮ ಮಲೆನಾಡಿನಲ್ಲೂ ಇದೆ. ಮೌನ ಮಧ್ಯಾಹ್ನದ ಹೊತ್ತಿಗೆ ನಮ್ಮ ಬೀದಿಗಳಲ್ಲೂ ಸಿಗುತ್ತದೆ. ತಾನು ಮಾಡದೆ ತನಗಾಗಿ ಬಂದ ಊಟ, ಅದೂ ಬಾಗಿಲು ತಟ್ಟದೆ ಬಂದ ಊಟ, ನಮ್ಮ ಹೆಂಗಸರಲ್ಲಿ ಎಷ್ಟು ಮಂದಿಗೆ ಗೊತ್ತು? ಬಾಣಂತನದಲ್ಲಿ ಒಂದಿಷ್ಟು ದಿನ, ಕಾಯಿಲೆ ಬಿದ್ದಾಗ ಒಂದೆರಡು ದಿನ. ಹೆರಬೇಕು, ಇಲ್ಲವೇ ಹಾಸಿಗೆ ಹಿಡಿಯಬೇಕು. ಬರೆಯುತ್ತಿದ್ದಾಳೆ ಎಂಬ ಕಾರಣಕ್ಕೆ ಹೆಂಗಸಿಗೆ ಬುತ್ತಿ ಬಂದದ್ದು ಲೋಕದಲ್ಲೇ ಇತ್ತೀಚಿನ ಸಂಗತಿ.

ಈ ಬುಟ್ಟಿಗೆ ಒಂದು ಚರಿತ್ರೆಯಿದೆ. ಮೇರಿಯನ್ ನೆವಿನ್ಸ್ ಎಂಬ ಹುಡುಗಿ 1880ರಲ್ಲಿ ಅಮೆರಿಕದಿಂದ ಜರ್ಮನಿಗೆ ಪಿಯಾನೊ ಕಲಿಯಲು ಹೋದಳು. ಆ ಕಾಲದ ದೊಡ್ಡ ಕಲಾವಿದೆ ಕ್ಲಾರಾ ಶೂಮನ್ ಅವರ ಬಳಿ ಕಲಿಯಬೇಕೆಂದು ಅವಳ ಆಸೆ. ಅದು ಕೈಗೂಡದೆ ಎಡ್ವರ್ಡ್ ಮ್ಯಾಕ್‌ಡೊವೆಲ್ ಎಂಬ ತರುಣ ಅಮೆರಿಕನ್ ಸಂಗೀತಗಾರನ ಶಿಷ್ಯೆಯಾದಳು. 1884ರಲ್ಲಿ ಅವನ ಹೆಂಡತಿಯಾದಳು. ತನ್ನ ಕಛೇರಿಗಳ ಕನಸನ್ನು ಬದಿಗಿಟ್ಟು ಗಂಡನ ಸಂಗೀತಕ್ಕೆ ಅನುವು ಮಾಡಿಕೊಡುವುದನ್ನೇ ಕೆಲಸ ಮಾಡಿಕೊಂಡಳು. 1896ರಲ್ಲಿ ಪೀಟರ್‌ಬರೊದಲ್ಲಿ ಒಂದು ತೋಟದ ಮನೆ ಕೊಂಡವಳು ಅವಳೇ. ಮನೆಯ ಗದ್ದಲ ತಾಗದಂತೆ ಕಾಡಿನೊಳಗೆ ಅವನಿಗಾಗಿ ಮರದ ದಿಮ್ಮಿಗಳ ಕುಟೀರ ಎದ್ದಿತು. ಅವನು ಅಲ್ಲಿ ಕುಳಿತು ಸಂಗೀತ ರಚಿಸುತ್ತಿದ್ದರೆ ಅವಳು ಊಟದ ಬುಟ್ಟಿಯನ್ನು ಸದ್ದಿಲ್ಲದೆ ಬಾಗಿಲ ಬಳಿ ಇಟ್ಟು ಬರುತ್ತಿದ್ದಳು. ಇಂದಿಗೂ ನಡೆಯುತ್ತಿರುವ ಬುಟ್ಟಿಯ ಪದ್ಧತಿಗೆ ಇದೇ ಮೂಲ ಎಂದು ಅಲ್ಲಿಯವರು ಹೇಳುತ್ತಾರೆ.

ಎಡ್ವರ್ಡನ ಆರೋಗ್ಯ ಕೆಟ್ಟಿತು, ಬುದ್ಧಿ ಮಸುಕಾಯಿತು. ತನಗೆ ಸಿಕ್ಕ ಕುಟೀರ ಬೇರೆ ಕಲಾವಿದರಿಗೂ ಸಿಗಬೇಕು ಎಂಬುದು ಅವನ ಆಸೆಯಾಗಿತ್ತು. 1907ರಲ್ಲಿ ಆ ಸಂಸ್ಥೆ ಹುಟ್ಟಿತು, 1908ರ ಜನವರಿಯಲ್ಲಿ ಅವನು ತೀರಿಕೊಂಡ. ಮೇರಿಯನ್‌ಗೆ ಆಗ ಐವತ್ತು. ಆಮೇಲೆ ಆಕೆ ಮಾಡಿದ್ದನ್ನು ಕೇಳಬೇಕು. ಬಹುಕಾಲ ಬದಿಗಿಟ್ಟಿದ್ದ ಪಿಯಾನೊ ಮುಂದೆ ಮತ್ತೆ ಕುಳಿತಳು. ದೇಶದ ಉದ್ದಗಲ ರೈಲಿನಲ್ಲಿ ತಿರುಗಿ, ಊರೂರಿನ ಮಹಿಳಾ ಸಂಘಗಳಲ್ಲಿ ಗಂಡನ ಕೃತಿಗಳನ್ನು ನುಡಿಸಿ, ಭಾಷಣ ಮಾಡಿ ಹಣ ಕೂಡಿಸಿದಳು. ಒಂದೆರಡು ವರ್ಷವಲ್ಲ, ದಶಕಗಳ ಕಾಲ. ಆ ಹಣದಲ್ಲಿ ಒಂದೊಂದೇ ಕುಟೀರ ಏಳುತ್ತ ಹೋಯಿತು. 1938ರ ಚಂಡಮಾರುತ ಆ ಕಾಡನ್ನು ಮಲಗಿಸಿದಾಗ ಆಕೆಗೆ ಎಂಬತ್ತು. ಆಗಲೂ ಹಣ ಕೂಡಿಸುವ ಕೆಲಸಕ್ಕೆ ಎದ್ದು ನಿಂತಳು. 1956ರಲ್ಲಿ 98ನೇ ವಯಸ್ಸಿನಲ್ಲಿ ಕಣ್ಣು ಮುಚ್ಚಿದಳು.

ಸಂಸ್ಥೆಗೆ ಮೊಟ್ಟಮೊದಲು ಬಂದವರು ಇಬ್ಬರು ಅಕ್ಕತಂಗಿಯರು ಎಂಬುದು ನಮಗೆ ಸಂತೋಷದ ಸಂಗತಿ. ಶಿಲ್ಪಿ ಹೆಲೆನ್ ಮಿಯರ್ಸ್, ಲೇಖಕಿ ಮೇರಿ ಮಿಯರ್ಸ್. ಗಂಡನಿಗಾಗಿ ಕಟ್ಟಿದ ಏಕಾಂತದ ಬಾಗಿಲು ಹೆಂಗಸರಿಗೆ ಮೊದಲ ದಿನವೇ ತೆರೆಯಿತು. ಆದರೆ ಮೇರಿಯನ್‌ಗೆ ಬುಟ್ಟಿ ತಂದಿಟ್ಟವರು ಯಾರು? ಅಷ್ಟು ಜನರಿಗೆ ಏಕಾಂತ ಒದಗಿಸಿದವಳ ಪಾಲಿಗೆ ಬಂದದ್ದು ರೈಲು, ಸಭೆ, ಲೆಕ್ಕದ ಪುಸ್ತಕ, ಪತ್ರವ್ಯವಹಾರ. ಸಹಿಯ ಹಲಗೆಗಳನ್ನು ಒಂದು ಕೃತಿಯೆಂದು ಭಾವಿಸಿ ಓದಿದರೆ ನನಗೆ ಕಾಣುವ ಕೊರತೆ ಇದು. ಬರೆದವರ ಹೆಸರು ಅಲ್ಲಿದೆ. ಬರೆಯಲು ಬಿಟ್ಟವರ ಹೆಸರಿಗೆ ಜಾಗವಿಲ್ಲ. ಬುಟ್ಟಿ ತುಂಬಿದ ಕೈ, ಹಾಸಿಗೆ ಬಟ್ಟೆ ಒಗೆದ ಕೈ, ಹಿಮದ ದಾರಿ ತೆರವು ಮಾಡಿದ ಕೈ ಯಾವುದೂ ಸಹಿ ಮಾಡಿ ಹೋಗಿಲ್ಲ.

ನಮ್ಮ ಕಡೆ ಇದಕ್ಕೆ ಹತ್ತಿರದ ಅನುಭವ ಯಾವುದು ಎಂದು ಹುಡುಕಿದರೆ ತವರುಮನೆ ಎನ್ನಬೇಕು. ಅಲ್ಲಿಗೆ ಹೋದ ಹೆಣ್ಣು ಬೆಳಿಗ್ಗೆ ತಡವಾಗಿ ಏಳಬಹುದು. ತಟ್ಟೆಯ ಮುಂದೆ ಕುಳಿತರೆ ಬಡಿಸುವವರಿದ್ದಾರೆ. ಇಷ್ಟು ದಿನ ಎಂದು ಅವಧಿ ಮೊದಲೇ ಗೊತ್ತಾಗಿರುತ್ತದೆ. ಕೊನೆಯ ದಿನ ಮಡಿಲು ತುಂಬಿ ಕಳಿಸುತ್ತಾರೆ. ಬಸ್ಸು ತಿರುವು ದಾಟುವವರೆಗೂ ಅವಳು ಮಗಳು, ದಾಟಿದ ಮೇಲೆ ಸೊಸೆ. ತವರಿನ ಹಾಡುಗಳೂ ಸಿನಿಮಾಗಳೂ ಈ ಕಣ್ಣೀರನ್ನು ಬೇಕಾದಷ್ಟು ಹೇಳಿವೆ. ಅವು ಹೇಳದೆ ಬಿಡುವುದು ಒಂದುಂಟು. ತವರಿನಲ್ಲಿ ಮಗಳು ಕೂತು ಉಣ್ಣುವಾಗ ಒಲೆಯ ಮುಂದೆ ಅತ್ತಿಗೆ ನಿಂತಿರುತ್ತಾಳೆ. ಅವಳ ತವರು ಬೇರೆಲ್ಲೋ ಇದೆ. ಒಬ್ಬಳ ಬಿಡುವು ಇನ್ನೊಬ್ಬಳ ದುಡಿಮೆಯ ಮೇಲೆ ನಿಂತಿರುತ್ತದೆ ಎಂಬ ಲೆಕ್ಕ ತವರಿಗೂ ಒಂದೇ, ನ್ಯೂ ಹ್ಯಾಂಪ್‌ಷೈರಿನ ಕಾಡಿಗೂ ಒಂದೇ. ಅಲ್ಲಿ ಆ ದುಡಿಮೆಗೆ ಸಂಬಳವುಂಟು, ನಮ್ಮಲ್ಲಿ ಅದೂ ಇಲ್ಲ.

ಹಾಗೆಂದು ಇಂಥ ಬಿಡಾರಗಳಲ್ಲಿ ಹುಟ್ಟಿದ ಸಾಹಿತ್ಯವನ್ನು ಬಿಟ್ಟಿಯಾಗಿ ಬಂದದ್ದು ಎಂದು ತಳ್ಳಿಹಾಕಲಾಗುವುದಿಲ್ಲ. ಥಾರ್ನ್‌ಟನ್ ವೈಲ್ಡರನ 'ಅವರ್ ಟೌನ್' ನಾಟಕವನ್ನೇ ನೋಡಿ. ವೈಲ್ಡರ್ ಮ್ಯಾಕ್‌ಡೊವೆಲ್‌ಗೆ ಹಲವು ಸಲ ಬಂದವನು. ನಾಟಕದ ಒಂದಷ್ಟು ಕೆಲಸ ಅಲ್ಲಿ ನಡೆಯಿತು, ಒಂದಷ್ಟು ಬೇರೆ ಕಡೆ. 1938ರಲ್ಲಿ ರಂಗಕ್ಕೆ ಬಂದು ಅದೇ ವರ್ಷ ಪುಲಿಟ್ಜರ್ ಬಹುಮಾನ ಪಡೆಯಿತು. ಕಥೆ ನಡೆಯುವುದು ನ್ಯೂ ಹ್ಯಾಂಪ್‌ಷೈರಿನದೇ ಒಂದು ಕಲ್ಪಿತ ಊರಿನಲ್ಲಿ. ಮೂರನೆಯ ಅಂಕ ನಡೆಯುವುದು ಸ್ಮಶಾನದಲ್ಲಿ. ಹೆರಿಗೆಯಲ್ಲಿ ಸತ್ತ ಎಮಿಲಿ ಎಂಬ ಹುಡುಗಿಗೆ ತನ್ನ ಬದುಕಿನ ಒಂದು ದಿನಕ್ಕೆ ಮರಳಿ ಹೋಗಲು ಅವಕಾಶ ಸಿಗುತ್ತದೆ. ದೊಡ್ಡ ದಿನ ಬೇಡ, ಸಾಧಾರಣ ದಿನವೊಂದನ್ನು ಆರಿಸಿಕೋ ಎಂದು ಉಳಿದ ಸತ್ತವರು ಹೇಳುತ್ತಾರೆ. ಅವಳು ತನ್ನ ಹನ್ನೆರಡನೆಯ ಹುಟ್ಟುಹಬ್ಬವನ್ನು ಆರಿಸಿಕೊಳ್ಳುತ್ತಾಳೆ. ಹೋಗಿ ನೋಡಿದರೆ ಅಮ್ಮ ಒಲೆಯ ಮುಂದೆ ನಿಂತು ತಿಂಡಿ ಮಾಡುತ್ತಿದ್ದಾಳೆ. ತಲೆಯೆತ್ತಿ ಮಗಳ ಮುಖ ನೋಡಲು ಅವಳಿಗೆ ಪುರುಸೊತ್ತಿಲ್ಲ. ಎಮಿಲಿಗೆ ಅದನ್ನು ತಾಳಿಕೊಳ್ಳಲಾಗದೆ ಸ್ಮಶಾನಕ್ಕೇ ಹಿಂತಿರುಗುತ್ತಾಳೆ.

ಈ ನಾಟಕವನ್ನು ಸಾಮಾನ್ಯವಾಗಿ ಬದುಕಿನ ಕ್ಷಣಿಕತೆಯ ನಾಟಕ ಎಂದು ಓದುತ್ತಾರೆ. ಎಮಿಲಿಯ ಅಮ್ಮನ ಕಡೆಯಿಂದ ಓದಿದರೆ ಬೇರೆಯೇ ಆಗಿ ಕಾಣುತ್ತದೆ. ಆ ಹೆಂಗಸು ಮಗಳನ್ನು ಪ್ರೀತಿಸುವುದಿಲ್ಲ ಎಂದಲ್ಲ. ತಿಂಡಿ ಆಗಬೇಕು, ಮಕ್ಕಳು ಶಾಲೆಗೆ ಹೊರಡಬೇಕು, ಗಂಡ ಬರುತ್ತಾನೆ. ನಿಂತು ನೋಡುವ ವೇಳೆ ಅವಳ ಪಾಲಿಗೆ ಬಂದಿಲ್ಲ. ಆ ನೋಟವನ್ನು ನಾಟಕಕಾರ ಅವಳ ಪರವಾಗಿ ನೋಡಿದ್ದಾನೆ. ಅಷ್ಟು ಹೊತ್ತು ಸುಮ್ಮನೆ ನೋಡಲು ಅವನಿಗೆ ಸಾಧ್ಯವಾದದ್ದು ಅವನ ತಿಂಡಿಯನ್ನು ಬೇರೆ ಯಾರೋ ಮಾಡುತ್ತಿದ್ದರಿಂದ. ಅಡಿಗೆಮನೆಯೇ ಇಲ್ಲದ ಕುಟೀರಕ್ಕೆ ಬಂದುಹೋಗುತ್ತಿದ್ದ ಬ್ರಹ್ಮಚಾರಿಯೊಬ್ಬ ಜಗತ್ತನ್ನು ಅಳಿಸಿದ್ದು ಅಡಿಗೆಮನೆಯ ದೃಶ್ಯದಿಂದ. ನಾಟಕದ ಬೆಲೆ ಇದರಿಂದ ಕಡಿಮೆಯಾಗುವುದಿಲ್ಲ. ಒಲೆಯ ಮುಂದಿದ್ದವಳಿಗೂ ಆ ಬಿಡುವು ಸಿಕ್ಕಿದ್ದರೆ ಏನು ಬರೆಯುತ್ತಿದ್ದಳು ಎಂಬ ಕುತೂಹಲ ಮಾತ್ರ ಓದಿ ಮುಗಿಸಿದ ಮೇಲೂ ಉಳಿಯುತ್ತದೆ.

ಬಿಡುವು ಸಿಕ್ಕ ಹೆಂಗಸರ ಕಥೆಯೂ ಉಂಟು. ನ್ಯೂಯಾರ್ಕ್ ರಾಜ್ಯದ ಸಾರಟೋಗ ಸ್ಪ್ರಿಂಗ್ಸ್‌ನಲ್ಲಿ ಯಾಡೊ ಎಂಬ ಇನ್ನೊಂದು ಬಿಡಾರವಿದೆ. ಕಟ್ರೀನಾ ಟ್ರಾಸ್ಕ್ ಮತ್ತು ಅವಳ ಗಂಡನಿಗೆ ನಾಲ್ಕು ಮಕ್ಕಳು, ನಾಲ್ಕೂ ತೀರಿಕೊಂಡವು. ವಾರಸುದಾರರಿಲ್ಲದ ಆ ದೊಡ್ಡ ಬಂಗಲೆ, ತೋಟಗಳು ಕಲಾವಿದರಿಗೆ ಸೇರಬೇಕೆಂದು ದಂಪತಿಗಳು 1900ರಲ್ಲಿ ನಿಶ್ಚಯಿಸಿದರು. ಮೊದಲ ಅತಿಥಿಗಳು ಬಂದದ್ದು 1926ರಲ್ಲಿ, ಇಬ್ಬರೂ ಕಾಲವಾದ ಮೇಲೆ. 1959ರ ಶರತ್ಕಾಲದಲ್ಲಿ ಸಿಲ್ವಿಯಾ ಪ್ಲಾತ್ ಮತ್ತು ಅವಳ ಗಂಡ ಟೆಡ್ ಹ್ಯೂಸ್ ಅಲ್ಲಿ ಸುಮಾರು 11 ವಾರ ಇದ್ದರು. ಇಬ್ಬರಿಗೂ ಬರೆಯಲು ಬೇರೆ ಬೇರೆ ಕೋಣೆ. ಅಡಿಗೆ, ಸಾಮಾನು, ಪಾತ್ರೆಗಳ ಚಿಂತೆಯಿಲ್ಲ. ಪ್ಲಾತ್ ಆಗ ಬಸುರಿ. ಅವಳ ಮೊದಲ ಸಂಕಲನ 'ದಿ ಕೊಲೊಸಸ್'ನ ಹಲವು ಕವಿತೆಗಳು ಅಲ್ಲಿ ಹುಟ್ಟಿದವು. ಅಲ್ಲಿಯವರೆಗೆ ನಿಘಂಟು ಪಕ್ಕದಲ್ಲಿಟ್ಟುಕೊಂಡ ಜಾಣ ವಿದ್ಯಾರ್ಥಿನಿಯಂತೆ ಅಳೆದು ಸುರಿದು ಬರೆಯುತ್ತಿದ್ದವಳ ಕವಿತೆ ಯಾಡೊದಲ್ಲಿ ಮೊದಲ ಬಾರಿಗೆ ಮೈಸಡಿಲಿಸಿತು. ವಿಮರ್ಶಕರು ಇದನ್ನು ಗುರುತಿಸಿದ್ದಾರೆ.

ಆದರೆ ಪ್ಲಾತ್‌ಳನ್ನು ನಾವು ಇಂದು ಓದುವುದು ಯಾಡೊದ ಕವಿತೆಗಳಿಗಾಗಿ ಅಲ್ಲ. ಯಾಡೊ ಬಿಟ್ಟ ಮರುತಿಂಗಳು ದಂಪತಿಗಳು ಇಂಗ್ಲೆಂಡಿಗೆ ಹೊರಟರು. 1960ರ ಏಪ್ರಿಲ್‌ನಲ್ಲಿ ಮಗಳು ಹುಟ್ಟಿದಳು, 1962ರ ಜನವರಿಯಲ್ಲಿ ಮಗ. ಆ ವರ್ಷವೇ ಮದುವೆ ಮುರಿದುಬಿತ್ತು. ಹಳ್ಳಿಯ ಮನೆಯಲ್ಲಿ ಎರಡು ಎಳೆಯ ಮಕ್ಕಳೊಂದಿಗೆ ಒಂಟಿಯಾಗಿ ಉಳಿದ ಪ್ಲಾತ್ ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಮಕ್ಕಳು ಏಳುವವರೆಗೆ ಬರೆಯುತ್ತಿದ್ದಳು. 'ಏರಿಯಲ್' ಸಂಕಲನದ ಬೆಂಕಿಯಂಥ ಕವಿತೆಗಳು ಬಹುಪಾಲು ಆ ಹೊತ್ತಿನಲ್ಲಿ ಬಂದವು. 1963ರ ಫೆಬ್ರವರಿಯಲ್ಲಿ ಲಂಡನ್ನಿನ ಬಾಡಿಗೆ ಮನೆಯಲ್ಲಿ ಆಕೆ ತನ್ನ ಜೀವ ತೆಗೆದುಕೊಂಡಳು. ವಯಸ್ಸು ಮೂವತ್ತು. ಪುಸ್ತಕ ಬಂದದ್ದು 1965ರಲ್ಲಿ.

ಬೆಳಗಿನ ಜಾವದ ಆ ಹೊತ್ತು ನಮ್ಮವರಿಗೆ ಹೊಸದಲ್ಲ. ಅದನ್ನು ಬ್ರಾಹ್ಮೀ ಮುಹೂರ್ತವೆಂದು ಹೊಗಳಿ ಗಂಡುಮಕ್ಕಳನ್ನು ಓದಲು ಎಬ್ಬಿಸುತ್ತಿದ್ದರು. ಹೆಂಗಸರು ಅದಕ್ಕೂ ಮೊದಲೇ ಎದ್ದು ಹಂಡೆಯ ಒಲೆಗೆ ಬೆಂಕಿ ಹಾಕಿರುತ್ತಿದ್ದರು. ಪ್ಲಾತ್‌ಳ ಕಥೆಯಿಂದ ಎರಡು ತಪ್ಪು ಪಾಠಗಳನ್ನು ಕಲಿಯುವ ಅಪಾಯವಿದೆ. ನೋಡಿ, ಯಾವ ಕುಟೀರವೂ ಬೇಡ, ಕಷ್ಟವೇ ಹೆಂಗಸಿನಿಂದ ಒಳ್ಳೆಯ ಕಾವ್ಯ ಬರೆಸುತ್ತದೆ ಎಂಬುದು ಒಂದು. ಇದನ್ನು ಹೇಳುವವರಿಗೆ ಆ ಕಷ್ಟದ ಪಾಲು ಬೇಕಾಗಿರುವುದಿಲ್ಲ, ಕಾವ್ಯ ಮಾತ್ರ ಬೇಕು. ಯಾಡೊದಲ್ಲೇ ಇದ್ದಿದ್ದರೆ ಆಕೆ ಬದುಕಿ ಇನ್ನೂ ದೊಡ್ಡದನ್ನು ಬರೆಯುತ್ತಿದ್ದಳು ಎಂಬುದು ಇನ್ನೊಂದು. ಯಾರೂ ಬಿಡಾರದಲ್ಲೇ ಉಳಿಯಲಾಗುವುದಿಲ್ಲ. ನನಗೆ ಕಾಣುವುದು ಇಷ್ಟು: ಯಾಡೊದಲ್ಲಿ ಆಕೆಯ ದನಿ ಬಿಚ್ಚಿಕೊಂಡಿತು, ಮನೆಯಲ್ಲಿ ಆ ದನಿಗೆ ಹೇಳಲೇಬೇಕಾದ ಸಂಗತಿ ಒದಗಿತು. ಎರಡಕ್ಕೂ ನಡುವೆ ಇರಬೇಕಾಗಿದ್ದ ಮೂರನೆಯದು, ಮಕ್ಕಳನ್ನು ಎರಡು ಗಂಟೆ ನೋಡಿಕೊಳ್ಳುವ ಒಂದು ಜೊತೆ ಕೈ, ಸಿಗಲಿಲ್ಲ. ಕೊನೆಯ ದಿನ ಎಂಬುದು ದಾರುಣವಾಗುವುದು ಇಲ್ಲಿ. ಬುಟ್ಟಿ ಅಲ್ಲೇ ಉಳಿಯುತ್ತದೆ. ಬರೆಯುವ ಹಸಿವನ್ನು ಮಾತ್ರ ಕಟ್ಟಿಕೊಂಡು ಬರಬೇಕು.

ವಿದೇಶದಲ್ಲಿ ಕುಳಿತು ಬರೆದ ಕನ್ನಡದ ಕೃತಿಗಳಲ್ಲಿ ಗಿರೀಶ ಕಾರ್ನಾಡರ 'ನಾಗಮಂಡಲ' ಇಲ್ಲಿ ನೆನಪಾಗಲೇಬೇಕು. 1987–88ರಲ್ಲಿ ಅವರು ಫುಲ್‌ಬ್ರೈಟ್ ನೆರವಿನ ನಾಟಕಕಾರರಾಗಿ ಚಿಕಾಗೊ ವಿಶ್ವವಿದ್ಯಾನಿಲಯದಲ್ಲಿದ್ದಾಗಿನ ನಾಟಕ ಅದು. ಅದರ ಇಂಗ್ಲಿಷ್ ರೂಪವನ್ನು ಅಲ್ಲಿಯ ವಿಶ್ವವಿದ್ಯಾನಿಲಯದ ರಂಗದಲ್ಲಿ ಆಡಿದರು. ಕಥೆಯ ಮೂಲ ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕಥೆಗಳು. ಇಂಥ ಕಥೆಗಳನ್ನು ಮನೆಯ ಹಿರಿಯ ಹೆಂಗಸರು ಅಡಿಗೆಮನೆಯಲ್ಲಿ ಮಕ್ಕಳಿಗೆ ಉಣ್ಣಿಸುವಾಗ, ಮಲಗಿಸುವಾಗ ಹೇಳುತ್ತಾರೆ ಎಂದು ಕಾರ್ನಾಡರೇ ಬರೆದಿದ್ದಾರೆ. ಅಂದರೆ ಚಿಕಾಗೊದ ಬಿಡುವಿನಲ್ಲಿ ಬೆಳೆದ ನಾಟಕದ ಬೀಜ ಬಿಡುವೇ ಇಲ್ಲದ ಹೆಂಗಸರ ಬಾಯಿಂದ ಬಂದದ್ದು. ಕಾರ್ನಾಡರು ಆ ಋಣವನ್ನು ಒಪ್ಪಿಕೊಂಡದ್ದು ಅವರ ದೊಡ್ಡತನ. ನಾಟಕದ ಆರಂಭದಲ್ಲಿ ಊರಿನ ಮನೆಗಳ ದೀಪಗಳೆಲ್ಲ ಕೆಲಸ ಮುಗಿಸಿ ಪಾಳುಗುಡಿಯಲ್ಲಿ ಸೇರಿ ಮಾತಿಗೆ ಕೂರುವ ದೃಶ್ಯವಿದೆಯಲ್ಲ, ಅದು ನನಗೆ ಮುಸುರೆ ತಿಕ್ಕಿ ಹೊರಬಂದ ಹೆಂಗಸರ ಜಗಲಿ ಕೂಟದಂತೆಯೇ ಕಾಣುತ್ತದೆ.

ಆ ನಾಟಕದ ರಾಣಿಯನ್ನು ಈಗ ನೆನೆಸಿಕೊಳ್ಳಿ. ಗಂಡ ಅಪ್ಪಣ್ಣ ಅವಳನ್ನು ಮನೆಯೊಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಾನೆ. ಮಧ್ಯಾಹ್ನ ಊಟಕ್ಕೆ ಬರುತ್ತಾನೆ, ಉಂಡು ಮತ್ತೆ ಬೀಗ ಹಾಕಿ ಹೋಗುತ್ತಾನೆ. ರಾಣಿಗೆ ಏಕಾಂತವಿದೆ, ಮೌನವಿದೆ. ಬಾಗಿಲು ತಟ್ಟುವವರಿಲ್ಲ, ಇಡೀ ದಿನ ಒಬ್ಬಳೇ. ವಿದೇಶದ ಕುಟೀರಗಳು ಕೊಡುವುದೆಲ್ಲ ಅವಳಿಗೆ ಇದೆ ಎಂದು ಪಟ್ಟಿ ಮಾಡಿ ತೋರಿಸಬಹುದು. ಎರಡೇ ವ್ಯತ್ಯಾಸ. ಬೀಗದ ಕೈ ಹೊರಗಿನವನ ಬಳಿ ಇದೆ. ಊಟದ ಬುತ್ತಿ ಒಳಗಿನಿಂದ ಹೊರಗಿನವನಿಗೆ ಹೋಗುತ್ತದೆ. ಈ ಎರಡು ವ್ಯತ್ಯಾಸದಲ್ಲಿ ಇಡೀ ವಿಷಯ ಅಡಗಿದೆ. ವರ್ಜೀನಿಯಾ ವೂಲ್ಫ್ 1929ರಲ್ಲಿ ಹೆಂಗಸು ಬರೆಯಲು ತನ್ನದೇ ಕೋಣೆ ಬೇಕು, ವರ್ಷಕ್ಕೆ 500 ಪೌಂಡು ಆದಾಯ ಬೇಕು ಎಂದಾಗ ಕೋಣೆಯ ಬಾಗಿಲಿಗೆ ಬೀಗವೂ ಇರಬೇಕು ಎಂದದ್ದು ಒಳಗಿನಿಂದ ಹಾಕಿಕೊಳ್ಳುವ ಬೀಗವನ್ನು. ಆ ಪುಸ್ತಕದಲ್ಲೇ ಆಕೆ ಗಂಡಸರ ಕಾಲೇಜಿನ ಸೊಗಸಾದ ಊಟವನ್ನೂ ಹೆಂಗಸರ ಕಾಲೇಜಿನ ಸಪ್ಪೆ ಊಟವನ್ನೂ ಪಕ್ಕಪಕ್ಕ ಇಟ್ಟು ತೋರಿಸುತ್ತಾಳೆ. ತಟ್ಟೆಯಲ್ಲಿ ಏನಿದೆ ಎಂಬುದಕ್ಕೂ ತಲೆಯಲ್ಲಿ ಏನು ಹೊಳೆಯುತ್ತದೆ ಎಂಬುದಕ್ಕೂ ಸಂಬಂಧವಿದೆ ಎಂದು ಆಕೆಗೆ ಗೊತ್ತಿತ್ತು.

ನಮ್ಮ ಊರುಗಳಲ್ಲಿ ಮಕ್ಕಳು ಶಾಲೆಗೆ, ಗಂಡ ಕೆಲಸಕ್ಕೆ ಹೋದ ಮೇಲೆ ಹನ್ನೊಂದರಿಂದ ಒಂದರವರೆಗೆ ಮನೆ ಖಾಲಿ ಇರುತ್ತದೆ. ಮನೆಯಲ್ಲಿ ಇಡೀ ದಿನ ನಿಮಗೆ ವೇಳೆಯೇ ಅಲ್ಲವೇ, ಬರೆಯಬಹುದಲ್ಲ ಎಂದು ಯಾರೋ ಕೇಳುತ್ತಾರೆ. ಖಾಲಿ ಮನೆಯೇ ಬಿಡುವಲ್ಲ. ಆ ಎರಡು ಗಂಟೆಯಲ್ಲಿ ನಲ್ಲಿ ನೀರು ಬರುತ್ತದೆ, ಗ್ಯಾಸಿನವನು ಬರುತ್ತಾನೆ, ಕುಕ್ಕರು ಕೂಗುತ್ತದೆ, ಅತ್ತೆಗೆ ಮಾತ್ರೆ ಕೊಡಬೇಕು. ಇಷ್ಟರಲ್ಲೂ ಬರೆದವರು ನಮ್ಮಲ್ಲಿದ್ದಾರೆ. ಹೆಚ್ಚು ಶಾಲೆ ಕಾಣದ ಎಂ. ಕೆ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರಾ' ಬಂದದ್ದು 1963ರಲ್ಲಿ, ವಯಸ್ಸು ನಲವತ್ತೈದು ದಾಟಿದ ಮೇಲೆ. ಪ್ಲಾತ್ ಸತ್ತ ವರ್ಷವದು. ಅದೇ ವರ್ಷ ಜುಲೈಯಲ್ಲಿ, ಮೂವತ್ತೈದು ತುಂಬುವ ಮೊದಲೇ, ತ್ರಿವೇಣಿಯವರು ಇಪ್ಪತ್ತರಷ್ಟು ಕಾದಂಬರಿಗಳನ್ನು ನಮಗೆ ಬಿಟ್ಟು ಹೋದರು. 2025ರಲ್ಲಿ ದೀಪಾ ಭಾಸ್ತಿಯವರ ಅನುವಾದದೊಂದಿಗೆ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಪಡೆದ ಹಾಸನದ ಬಾನು ಮುಷ್ತಾಕ್ ಅವರ ಸಂಕಲನದಲ್ಲಿರುವುದು 12 ಕಥೆಗಳು. ಅವನ್ನು ಬರೆದ ಅವಧಿ 1990ರಿಂದ 2023ರವರೆಗೆ, ಮೂವತ್ತಕ್ಕೂ ಹೆಚ್ಚು ವರ್ಷ. ಕುಟೀರವಿಲ್ಲದೆಯೂ ಬರೆಯಬಹುದು ಎಂಬುದಕ್ಕೆ ಇವರನ್ನು ಸಾಕ್ಷಿ ಕರೆಯುವುದು ಸುಲಭ. ಹೀಗೆ ಬರೆಯಲಾಗದೆ ಹೋದವರು ಸಾಕ್ಷಿಕಟ್ಟೆಗೆ ಬರುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಬರೆಯದೆ ಉಳಿದ ಪುಸ್ತಕವನ್ನು ಯಾವ ಗ್ರಂಥಾಲಯದ ಪಟ್ಟಿಯೂ ತೋರಿಸುವುದಿಲ್ಲ.

ವಿದೇಶದ ಬಿಡಾರದ ಕೊನೆಯ ದಿನ ಲೇಖಕಿ ಏನನ್ನು ಮನೆಗೆ ತರಬೇಕು? ಕಾಡಿನ ನೆನಪು ಕೆಲವು ತಿಂಗಳಲ್ಲಿ ಮಾಸುತ್ತದೆ. ಹೊಸ ಗೆಳೆತನದ ಪತ್ರಗಳು ನಿಧಾನಕ್ಕೆ ವಿರಳವಾಗುತ್ತವೆ. ತರಬೇಕಾದದ್ದು ಒಂದು ತಿಳಿವಳಿಕೆ: ನಾನು ಬರೆಯುತ್ತಿರುವಾಗ ಇನ್ನೊಬ್ಬರು ಅದನ್ನು ಕೆಲಸವೆಂದು ಒಪ್ಪಿ ಬಾಗಿಲು ತಟ್ಟದೆ ಹೋದರು, ಅದರಿಂದ ಲೋಕ ಮುಳುಗಲಿಲ್ಲ. ಈ ತಿಳಿವಳಿಕೆ ವಿಮಾನದಲ್ಲಿ ಹೋಗಿಬಂದವರ ಸೊತ್ತಾಗಿ ಉಳಿಯಬಾರದು. ಹೋಗದೆ ಇರುವ ನಮಗೂ ಅದು ಬೇಕು. ವಾರಕ್ಕೊಂದು ಮಧ್ಯಾಹ್ನ ಗಂಡನೋ ಮಗನೋ ಅನ್ನಕ್ಕೆ ಇಟ್ಟು, ಒಂದು ತಟ್ಟೆ ಬಡಿಸಿ, ಮುಚ್ಚಿದ ಬಾಗಿಲ ಹೊರಗೆ ಇಟ್ಟು ಹೋಗಲಿ ಎಂದು ಕೇಳುವುದರಲ್ಲಿ ದೊಡ್ಡ ಕ್ರಾಂತಿಯೇನಿಲ್ಲ. ಮೇರಿಯನ್ ಗಂಡನಿಗೆ ಎಷ್ಟೋ ದಿನ ಮಾಡಿದ್ದನ್ನು ಅವರು ಒಂದು ದಿನ ಮಾಡಿದಂತಾಗುತ್ತದೆ, ಅಷ್ಟೇ. ಆದರೆ ಆ ಕೆಲಸ ಮತ್ತೆ ಅತ್ತಿಗೆಯ ತಲೆಗೋ ಮನೆಗೆಲಸದವಳ ತಲೆಗೋ ಬೀಳದಂತೆಯೂ ನೋಡಿಕೊಳ್ಳಬೇಕು. ಬಿದ್ದರೆ ನಾವೂ ಎಡ್ವರ್ಡನ ಸಾಲಿಗೇ ಸೇರಿದಂತಾಯಿತು.

ವಾಷಿಂಗ್ಟನ್ ರಾಜ್ಯದ ವಿಡ್ಬಿ ದ್ವೀಪದಲ್ಲಿ 1988ರಿಂದ ಹೆಜ್‌ಬ್ರುಕ್ ಎಂಬ ಬಿಡಾರವಿದೆ. ಅದು ಬರೆಯುವ ಹೆಂಗಸರಿಗಾಗಿಯೇ ಹುಟ್ಟಿದ್ದು. ಅಲ್ಲಿನ ಕುಟೀರಗಳಲ್ಲಿ ಸಹಿಯ ಹಲಗೆಗೆ ಬದಲು ಖಾಲಿ ಹಾಳೆಯ ಪುಸ್ತಕಗಳನ್ನು ಇಟ್ಟಿರುತ್ತಾರೆ. ಹೊರಡುವವಳು ತನ್ನ ನಂತರ ಬರುವವಳಿಗೆ ಅದರಲ್ಲಿ ನಾಲ್ಕು ಮಾತು ಬರೆದು ಹೋಗುತ್ತಾಳೆ. ಹೆಸರು ಕೆತ್ತಿ ಹೋಗುವುದಕ್ಕೂ ಇದಕ್ಕೂ ಬಹಳ ಅಂತರ. ಅಲ್ಲಿನ ತೋಟದ ತರಕಾರಿಯಲ್ಲಿ ಲೇಖಕಿಯರಿಗೆ ಅಡಿಗೆ ಮಾಡುತ್ತಿದ್ದವರು 2013ರಲ್ಲಿ ತಾವೇ ಒಂದು ಪುಸ್ತಕ ತಂದರು, ಅಡಿಗೆ ಪುಸ್ತಕ. ಬುಟ್ಟಿ ತುಂಬುವವರ ಹೆಸರೂ ಕೊನೆಗೆ ಒಂದು ಪುಸ್ತಕದ ರಟ್ಟಿನ ಮೇಲೆ ಬಂತು. ಬಿಡಾರಗಳಲ್ಲಿ ಹುಟ್ಟಿದ ಕಾದಂಬರಿ ಕವಿತೆಗಳ ಸಾಲಿನಲ್ಲಿ ನಾನು ಈ ಪುಸ್ತಕವನ್ನೂ ಇಡುತ್ತೇನೆ, ಕೊನೆಯಲ್ಲಿ ಅಲ್ಲ.